ಅಕ್ಕನ ರಕ್ತದಲ್ಲಿ ಮಾತ್ರೆ ಎಷ್ಟು?

ಒಂದೇ ಮನೆಯಲ್ಲಿ ಬೆಳೆದ ಇಬ್ಬರನ್ನು ಹೋಲಿಸಿ ಮಾತಾಡುವ ಚಾಳಿ ಇದೆಯಲ್ಲ, ಅದು ಯಾವ ಮನೆಯಲ್ಲಿಲ್ಲ ಹೇಳಿ? ‘ನಿನ್ನ ತಂಗೀನ ನೋಡು’, ‘ನಿನ್ನ ಅಣ್ಣನ್ನ ನೋಡಿ ಕಲಿ’. ಹೇಳುವವರು ಹೇಳಿ ಮರೆತುಬಿಡುತ್ತಾರೆ. ಕೇಳಿದವರ ಎದೆಯಲ್ಲಿ ಅದು ಮುರಿದ ಮುಳ್ಳಿನ ಹಾಗೆ ಉಳಿದುಕೊಳ್ಳುತ್ತದೆ.

ಸಿಡುಕಿಯ ಎದೆಯಲ್ಲಿ ಅಂಥ ಮುಳ್ಳು ಇಪ್ಪತ್ತು ವರ್ಷದಿಂದ ಇತ್ತು. ಸಿಡುಕಿ ಎಂಬುದು ಚಿಕ್ಕಮ್ಮ ಇಟ್ಟ ಅಡ್ಡಹೆಸರು. ತಂಗಿಗೆ ಅದೇ ಚಿಕ್ಕಮ್ಮ ಇಟ್ಟ ಹೆಸರು ಮುದ್ದಿ. ಆ ಮನೆಯ ತಕ್ಕಡಿ ಯಾವ ಕಡೆ ವಾಲುತ್ತಿತ್ತು ಎಂದು ಇನ್ನು ಬೇರೆ ಹೇಳಬೇಕೆ?

ಅಕ್ಕತಂಗಿಯರಿಬ್ಬರಿಗೂ ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂದಿತ್ತು. ಆ ತಾಯಿಗೆ ಔಷಧಿ ಸಿಕ್ಕಿರಲಿಲ್ಲ, ಬೇಗ ತೀರಿಕೊಂಡಳು. ಚಿಕ್ಕಮ್ಮ ಇಬ್ಬರನ್ನೂ ಎತ್ತಿಕೊಂಡು ಬಂದು ಸಾಕಿದಳು, ಮಾತ್ರೆ ತಪ್ಪಿಸದೆ ಕೊಟ್ಟಳು. ಆ ಪುಣ್ಯಾತ್ಗಿತ್ತಿಯ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅವಳ ಬಾಯಿ ಮಾತ್ರ ಸರಿ ಇರಲಿಲ್ಲ.

ಈಗ ಇಬ್ಬರಿಗೂ ಮದುವೆಯಾಗಿದೆ, ಅಕ್ಕಪಕ್ಕದ ಬೀದಿಯಲ್ಲಿ ಮನೆ. ಮುದ್ದಿ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಹನ್ನೊಂದು ತಿಂಗಳ ಮಗುವಿಗೆ ಎಚ್‌ಐವಿ ಇಲ್ಲ. ತಾಯಿ ಸರಿಯಾಗಿ ಔಷಧಿ ತಗೊಂಡು ರಕ್ತದಲ್ಲಿ ವೈರಸ್ಸನ್ನು ಲೆಕ್ಕಕ್ಕೆ ಸಿಗದಷ್ಟು ಕೆಳಗೆ ಇಟ್ಟರೆ ಮಗು ಬಹುಮಟ್ಟಿಗೆ ಹೀಗೆ ಆರೋಗ್ಯವಾಗಿಯೇ ಹುಟ್ಟುತ್ತದೆ. ಸಿಡುಕಿ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಬಾಟಲಿ ನೋಡುವವಳು. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಬಿಳಿ ದೀಪದ ಎದುರು ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಬಿಸಾಡಬೇಕು. ಬೇರೆಯವರಲ್ಲಿ ಐಬು ಹುಡುಕುವ ಕಣ್ಣು ಅದು. ಮದುವೆಯಾಗಿ ಆರು ವರ್ಷದ ಮೇಲೆ ಅವಳಿಗೀಗ ಹೊಟ್ಟೆಯಲ್ಲಿ ಆರು ತಿಂಗಳು. ಅವಳ ಗಂಡನಿಗೆ ಎಚ್‌ಐವಿ ಇಲ್ಲ, ಅವಳಿಗಿರುವುದು ಗೊತ್ತಿದ್ದೇ ಮದುವೆಯಾದವನು.

ಆ ತಿಂಗಳು ಮಾತ್ರೆ ತರಲು ಆಸ್ಪತ್ರೆಗೆ ಹೋದ ದಿನವೇ ಎಡವಟ್ಟಾಯಿತು.

ಕೌನ್ಸೆಲರ್ ರಕ್ತಪರೀಕ್ಷೆಯ ಕಾಗದ ನೋಡಿದವಳೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಏನಮ್ಮ ಇದು? ವರ್ಷಗಟ್ಟಲೆ ಕಾಣಿಸದೇ ಇದ್ದ ವೈರಸ್ಸು ಈಗ ಸಾವಿರಗಟ್ಟಲೆ ಇದೆ. ಮಾತ್ರೆ ಬಿಡ್ತಾ ಇದ್ದೀಯಾ?”

“ಒಂದು ದಿನಾನೂ ಬಿಟ್ಟಿಲ್ಲ ಮೇಡಂ.”

“ಎಲ್ರೂ ಹೀಗೇ ಹೇಳೋದು. ಹೊಟ್ಟೇಲಿ ಮಗು ಇದೆ, ಆಟ ಅಲ್ಲ ಇದು. ಹೆರಿಗೆ ಹೊತ್ತಿಗೆ ಹೀಗೇ ಇದ್ರೆ ಮಗೂಗೂ ಬರಬಹುದು. ನಿನ್ನ ತಂಗೀನ ನೋಡಿ ಕಲಿಯಮ್ಮ.”

ಸಿಡುಕಿಯ ಮೈ ಉರಿದುಹೋಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಕ್ಕಮ್ಮನಿಗೆ ವಿಷಯ ಹೇಳಿದ್ದೇ ತಪ್ಪಾಯಿತು.

“ಮುದ್ದಿ ಹುಡುಗಿಯಾಗಿದ್ದಾಗ್ಲೂ ಗಂಟೆ ಹೊಡೆದ ಹಾಗೆ ಮಾತ್ರೆ ನುಂಗ್ತಿದ್ಲು,” ಎಂದಳು ಚಿಕ್ಕಮ್ಮ. “ನೀನೇ ಕಿಟಕಿಯಿಂದ ಆಚೆ ಬಿಸಾಕಿದ್ದೆ.”

“ಆಗ ನನಗೆ ಒಂಬತ್ತು ವರ್ಷ ಚಿಕ್ಕಮ್ಮ! ಒಂದೇ ಒಂದು ಸಲ!”

“ಬುದ್ಧಿ ಎಲ್ಲಿಗೆ ಹೋಗತ್ತೆ?”

ಮುದ್ದಿ ಮಗುವನ್ನು ಭುಜಕ್ಕೆ ಹಾಕಿಕೊಂಡು ನಡುವೆ ಬಂದಳು. “ಬಿಡು ಚಿಕ್ಕಮ್ಮ. ಅಕ್ಕ ಬಿಟ್ಟಿಲ್ಲ ಅಂದ್ರೆ ಬಿಟ್ಟಿಲ್ಲ.”

ಬೈದಿದ್ದರಾದರೂ ತಡೆದುಕೊಳ್ಳಬಹುದಿತ್ತು. ತಂಗಿ ತನ್ನ ಪರ ಮಾತಾಡಿದ್ದು ಸಿಡುಕಿಗೆ ಸಹಿಸಲಾಗಲಿಲ್ಲ. ‘ಗೆದ್ದವಳು ಸೋತವಳ ಬೆನ್ನು ತಟ್ಟೋದು’ ಎಂದುಕೊಂಡಳು.

ಮಾತ್ರೆ ಕೊಡುವ ಕಿಟಕಿಯ ಹತ್ತಿರ ಅವಳ ಕಣ್ಣು ಇನ್ನೂ ಚುರುಕಾಯಿತು. ಸಿಡುಕಿಯ ನಂಬರು ಇನ್ನೂರ ಹನ್ನೊಂದು, ಮುದ್ದಿಯದು ಇನ್ನೂರ ಹನ್ನೆರಡು. ಮೂರು ತಿಂಗಳ ಮಾತ್ರೆ ತುಂಬಿದ ಡಬ್ಬಿಯ ಮೇಲೆ ನಂಬರಿನ ಚೀಟಿ ಅಂಟಿಸಿ ಕೊಡುತ್ತಿದ್ದರು. ಕಿಟಕಿಯೊಳಗಿದ್ದವನು ಸಿಡುಕಿಯ ಡಬ್ಬಿಯನ್ನು ಮುಖ ಎತ್ತದೆ ತಳ್ಳಿದ. ಮುದ್ದಿಯ ಡಬ್ಬಿ ಕೊಡುವಾಗ ಮಗುವಿನ ಕೆನ್ನೆ ಮುಟ್ಟಿ, “ಏನ್ರೀ ಮರಿ ಸಾಹೇಬ್ರು, ಹಲ್ಲು ಬಂತಾ?” ಎಂದು ನಕ್ಕ.

ಅಷ್ಟು ಸಾಕಾಯಿತು. ‘ಇದಾ ವಿಷ್ಯ? ಒಳ್ಳೇ ಮಾತ್ರೆ ಅವಳಿಗೆ, ಹಳಸಿದ್ದು ನನಗೆ!’

ಬಸ್‌ ನಿಲ್ದಾಣದಲ್ಲಿ ಮುದ್ದಿ ಮಗುವಿನ ಬಟ್ಟೆ ಬದಲಿಸಲು ಹೋದಳು. “ಅಕ್ಕ, ಚೀಲ ನೋಡ್ಕೊ,” ಎಂದು ಹೇಳಿಯೇ ಹೋದಳು. ಸಿಡುಕಿ ಚೀಲ ನೋಡಿಕೊಂಡಳು, ಚೆನ್ನಾಗಿಯೇ ನೋಡಿಕೊಂಡಳು! ಇನ್ನೂರ ಹನ್ನೆರಡು ತನ್ನ ಚೀಲಕ್ಕೆ ಬಂತು, ಇನ್ನೂರ ಹನ್ನೊಂದು ತಂಗಿಯ ಚೀಲಕ್ಕೆ ಹೋಯಿತು. ನಾಚಿಕೆಯಾಗಲಿಲ್ಲ.

ಮರುದಿನದಿಂದ ತಂಗಿಯ ಮಾತ್ರೆ ನುಂಗಲು ಶುರು. ಅವಳು ನುಂಗುವ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾಳಿ ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಕಾರ್ಖಾನೆಯ ಗೇಟಿನಲ್ಲಿ ಊಟದ ಡಬ್ಬಿಯನ್ನೂ ಬಿಡದೆ ತಪಾಸಣೆ ಮಾಡುತ್ತಾರೆ. ಮಾತ್ರೆ ಸಿಕ್ಕರೆ ‘ಇದು ಯಾವುದಕ್ಕಮ್ಮ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಭಯಕ್ಕೆ ಅವಳು ಇಡೀ ದಿನದ ಮಾತ್ರೆಯನ್ನೆಲ್ಲ ಮನೆಯಲ್ಲೇ ಮುಗಿಸುತ್ತಿದ್ದಳು. ಐದು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಎಚ್‌ಐವಿ ಮಾತ್ರೆ, ಬಸುರಿಯರ ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎಲ್ಲ ಒಂದೇ ಮುಷ್ಟಿಯಲ್ಲಿ ಬಾಯಿಗೆ. ಸಾಲದ್ದಕ್ಕೆ ಮೆಡಿಕಲ್ ಶಾಪಿನಿಂದ ತಂದ ದಪ್ಪ ಬಿಳಿ ‘ಶಕ್ತಿ’ ಮಾತ್ರೆ ಎರಡು. ಅದೂ ಕ್ಯಾಲ್ಸಿಯಮ್ಮೇ. ಯಾಕೆ ತಂದಳು? ಬಸುರಿಯಾಗಿದ್ದಾಗ ಮುದ್ದಿಯ ಕೆನ್ನೆ ಹೊಳೆಯುತ್ತಿತ್ತು, ತನ್ನದು ಒಣಗಿದೆ ಎಂದು. ಕೆಟ್ಟ ರಿಪೋರ್ಟ್ ಬಂದ ಮೇಲೆ ಎರಡನ್ನು ಮೂರು ಮಾಡಿದಳು.

ಬಸುರಿಯರ ಆಸ್ಪತ್ರೆ ಬೇರೆ, ಎಚ್‌ಐವಿ ಮಾತ್ರೆಯ ಕೇಂದ್ರ ಬೇರೆ. ಅಲ್ಲಿಯವರು ಕೊಟ್ಟದ್ದನ್ನು ಇಲ್ಲಿಯವರಿಗೆ ಇವಳು ಹೇಳಲಿಲ್ಲ. ಇಲ್ಲಿಯವರೂ ಕೇಳಲಿಲ್ಲ. ತಪ್ಪು ಇಬ್ಬರದೂ. ಅದನ್ನು ನಾನು ಮುಚ್ಚಿಡುವುದಿಲ್ಲ.

ಏಳನೇ ತಿಂಗಳು ಮತ್ತೆ ರಕ್ತ ಕೊಟ್ಟಳು. ಈ ಸಲ ಎದೆಯುಬ್ಬಿಸಿಕೊಂಡೇ ಹೋದಳು, ಒಳ್ಳೇ ಮಾತ್ರೆ ನುಂಗಿದವಳಲ್ಲವೇ! ರಿಪೋರ್ಟ್ ಬಂತು. ವೈರಸ್ಸು ಇಳಿಯುವುದಿರಲಿ, ಇನ್ನಷ್ಟು ಏರಿತ್ತು.

ಕೌನ್ಸೆಲರ್ ಈ ಸಲ ಬೈಯಲಿಲ್ಲ. ನೇರವಾಗಿ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು. ಹೊಸದಾಗಿ ಬಂದ ಡಾಕ್ಟರು ಸಣ್ಣ ದನಿಯ ಹೆಂಗಸು. ಚಿಕ್ಕಮ್ಮನೂ ಮುದ್ದಿಯೂ ಬಾಗಿಲಲ್ಲಿ ನಿಂತಿದ್ದರು. “ಇವರು ಇರಬಹುದಾ?” ಎಂದು ಡಾಕ್ಟರು ಮೊದಲು ಸಿಡುಕಿಯನ್ನೇ ಕೇಳಿದರು.

“ಇರ್ಲಿ. ಇವ್ರಿಗೆ ಗೊತ್ತಿಲ್ದೇ ಇರೋದು ಏನಿದೆ? ನಾಲ್ಕು ಜನ ಸೇರಿ ಒಟ್ಟಿಗೆ ಬೈಯ್ರಿ,” ಎಂದಳು ಸಿಡುಕಿ.

“ನಾನು ಬೈಯಲ್ಲಮ್ಮ. ನೀವು ಬಿಟ್ಟಿಲ್ಲ ಅಂತೀರಿ, ನಾನು ನಂಬ್ತೀನಿ. ಆದ್ರೆ ನುಂಗಿದ ಮಾತ್ರೆ ರಕ್ತಕ್ಕೆ ಸೇರ್ತಾ ಇದೆಯಾ ಅಂತ ನೋಡ್ಬೇಕು. ಅದಕ್ಕೊಂದು ಪರೀಕ್ಷೆ ಇದೆ.”

“ನುಂಗಿದ್ದು ರಕ್ತಕ್ಕೆ ಸೇರ್ದೆ ಎಲ್ಲಿಗೆ ಹೋಗತ್ತೆ?” ಚಿಕ್ಕಮ್ಮ ಬಾಯಿ ಹಾಕಿದಳು.

“ಎಲ್ಲಾ ಸಲ ಸೇರಲ್ಲ ಅಮ್ಮ. ಕೆಲವು ಸಲ ಹೊಟ್ಟೆಯಿಂದ ಹಾಗೇ ಆಚೆ ಹೋಗ್ಬಿಡತ್ತೆ. ರಕ್ತಾನ ಒಂದು ಯಂತ್ರದಲ್ಲಿ ಗಿರಗಿರ ತಿರುಗಿಸ್ತೀವಿ. ಕೆಂಪು ಕಣ ಎಲ್ಲ ಕೆಳಗೆ ಕೂತ್ಕೊಳತ್ತೆ, ಮೇಲೆ ತಿಳಿ ಹಳದಿ ನೀರು ನಿಲ್ಲತ್ತೆ. ಅದನ್ನ ಪ್ಲಾಸ್ಮಾ ಅಂತಾರೆ. ಮಾತ್ರೆ ಎಷ್ಟಿದೆ ಅಂತ ಅದರಲ್ಲಿ ಅಳೆಯೋದು. ಇಲ್ಲಿ ಆಗಲ್ಲ, ದೊಡ್ಡ ಲ್ಯಾಬಿಗೆ ಕಳಿಸ್ತೀವಿ.”

“ಅಳೆದ್ರೆ ನಾನು ನುಂಗಿದ್ದು ಗೊತ್ತಾಗತ್ತಾ?”

“ಎಷ್ಟು ಸೇರಿದೆ ಅಂತ ಗೊತ್ತಾಗತ್ತೆ.”

ಸಿಡುಕಿ ಕುರ್ಚಿಯ ತುದಿಗೆ ಬಂದಳು. “ಹಾಗಾದ್ರೆ ಇವಳದ್ದೂ ಅಳೀರಿ!” ಎಂದು ತಂಗಿಯ ಕಡೆ ಬೆರಳು ಮಾಡಿದಳು. “ಒಂದೇ ಕೇಂದ್ರ, ಒಂದೇ ಮಾತ್ರೆ. ಯಾರು ಸಾಚಾ, ಯಾರು ಸುಳ್ಳಿ, ಒಂದು ಸಲ ಇತ್ಯರ್ಥ ಆಗ್ಲಿ.”

“ಅವರ ವೈರಸ್ಸು ಕಾಣಿಸ್ತಾನೇ ಇಲ್ಲ. ಅವರಿಗೆ ಈ ಪರೀಕ್ಷೆ ಬೇಕಿಲ್ಲಮ್ಮ.”

ಮುದ್ದಿ ಮಗುವನ್ನು ಚಿಕ್ಕಮ್ಮನ ಕೈಗೆ ಕೊಟ್ಟು ತೋಳು ಮಡಿಸಿದಳು. “ತೆಗೀರಿ ಡಾಕ್ಟ್ರೇ. ಇಲ್ದಿದ್ರೆ ಇವಳು ನಮ್ಮನ್ನ ನೆಮ್ಮದಿಯಾಗಿರೋಕೆ ಬಿಡಲ್ಲ.”

ಡಾಕ್ಟರು ಸ್ವಲ್ಪ ಯೋಚಿಸಿ, “ಆಯ್ತು. ಪಕ್ಕದಲ್ಲಿಟ್ಟು ನೋಡೋಕೆ ಅನುಕೂಲಾನೇ ಆಗತ್ತೆ,” ಎಂದರು.

ಎರಡು ದಿನ ಬಿಟ್ಟು ಇಬ್ಬರೂ ಅವತ್ತಿನ ಮಾತ್ರೆ ನುಂಗುವ ಮೊದಲೇ ಬಂದು ರಕ್ತ ಕೊಟ್ಟರು. ಹಿಂದಿನ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಎಂದು ಕೇಳಿ ಬರೆದುಕೊಂಡರು. ಆ ಸಮಯ ಗೊತ್ತಿಲ್ಲದಿದ್ದರೆ ಅಳತೆಗೆ ಅರ್ಥವಿಲ್ಲವಂತೆ. ಸಿಡುಕಿ, “ಐದು ಗಂಟೆ ಎರಡು ನಿಮಿಷ,” ಎಂದಳು. ಅದು ನಿಜವೇ ಆಗಿತ್ತು.

ಫಲಿತಾಂಶ ಬರಲು ಹತ್ತು ದಿನ. ಆ ಹತ್ತು ದಿನ ಸಿಡುಕಿ ಮನಸ್ಸಿನಲ್ಲಿ ಬೇಡಿಕೊಂಡದ್ದು ಒಳ್ಳೆಯದನ್ನಲ್ಲ. ತನ್ನದು ಜಾಸ್ತಿ ಬರಲಿ ಎನ್ನುವುದಕ್ಕಿಂತ ತಂಗಿಯದು ಕಡಿಮೆ ಬರಲಿ ಎಂದೇ ಹೆಚ್ಚು ಬೇಡಿಕೊಂಡಳು. ಬೆಲ್ಟಿನ ಮುಂದೆ ನಿಂತಾಗ ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ‘ನಿನಗೂ ನನ್ನ ಹಾಗೇ ಆಗಿಬಿಟ್ರೆ?’ ಎಂದು ಒಂದು ಕ್ಷಣ ಯೋಚಿಸುವಷ್ಟರಲ್ಲಿ ಬಿರುಕು ಬಿಟ್ಟ ಬಾಟಲಿ ಕಣ್ಣೆದುರೇ ಮುಂದೆ ಹೋಗಿಬಿಟ್ಟಿತು. ಹನ್ನೆರಡು ವರ್ಷದ ಕೆಲಸದಲ್ಲಿ ಅದೇ ಮೊದಲು.

ಹತ್ತನೇ ದಿನ ಆಸ್ಪತ್ರೆಯಿಂದ ಫೋನು. “ಬರುವಾಗ ನೀವು ಬಾಯಿಗೆ ಹಾಕ್ಕೊಳ್ಳೋ ಮಾತ್ರೆ, ಟಾನಿಕ್ಕು, ಪುಡಿ ಎಲ್ಲಾ ಒಂದು ಚೀಲದಲ್ಲಿ ತನ್ನಿ. ಡಬ್ಬಿ ಸಮೇತ.”

ಡಬ್ಬಿ ಸಮೇತ! ಡಬ್ಬಿಯ ಮೇಲೆ ತಂಗಿಯ ನಂಬರಿದೆ. ಮಾತ್ರೆಗಳನ್ನು ಬೇರೆ ಬಾಟಲಿಗೆ ಸುರಿದುಬಿಡೋಣವೆಂದರೆ, ದಿನಕ್ಕೆ ಸಾವಿರಾರು ಬಾಟಲಿ ನೋಡುವವಳ ಮನೆಯಲ್ಲಿ ಒಂದೂ ಖಾಲಿ ಬಾಟಲಿ ಇರಲಿಲ್ಲ. ಚೀಟಿ ಕೆರೆದು ನೋಡಿದಳು, ಬರಲಿಲ್ಲ. ಕೊನೆಗೆ ಹಾಗೇ ಒಯ್ದಳು.

ಕೌನ್ಸೆಲರ್, ಮುದ್ದಿ, ಚಿಕ್ಕಮ್ಮ ಎಲ್ಲರೂ ಕೋಣೆಯಲ್ಲಿದ್ದರು. ಡಾಕ್ಟರು ಎರಡು ಕಾಗದ ಪಕ್ಕಪಕ್ಕ ಇಟ್ಟರು. ಅಕ್ಕತಂಗಿಯರಿಬ್ಬರ ಒಪ್ಪಿಗೆ ಕೇಳಿಯೇ ಮಾತು ಶುರುಮಾಡಿದರು. “ತಂಗಿ ರಕ್ತದಲ್ಲಿ ಮಾತ್ರೆ ಬೇಕಾದಷ್ಟಿದೆ. ನಿಮ್ಮ ರಕ್ತದಲ್ಲೂ ಇದೆ, ಆದ್ರೆ ತುಂಬಾ ಕಡಿಮೆ. ವೈರಸ್ಸನ್ನ ಹಿಡಿದಿಡೋಕೆ ಸಾಲಲ್ಲ.”

“ನೋಡಿದ್ಯಾ?” ಎಂದಳು ಚಿಕ್ಕಮ್ಮ. “ನಾನು ಹೇಳಿರಲಿಲ್ವಾ, ಮುದ್ದಿ—”

“ಅಮ್ಮ, ಸ್ವಲ್ಪ ಸುಮ್ಮನಿರ್ತೀರಾ?” ಡಾಕ್ಟರ ಸಣ್ಣ ದನಿ ಮೊದಲ ಸಲ ಗಟ್ಟಿಯಾಯಿತು. “ಎಲ್ಲಿ, ಚೀಲ ಸುರೀರಿ.”

ಸಿಡುಕಿ ಸುರಿದಳು. ಎಚ್‌ಐವಿ ಮಾತ್ರೆಯ ಡಬ್ಬಿಯ ಮೇಲೆ ಮಾತ್ರ ಅಂಗೈ ಮುಚ್ಚಿ ಹಿಡಿದಳು.

“ಕೈ ತೆಗೀರಿ.”

“ಅದು ಮಾಮೂಲಿದೇ ಮೇಡಂ.”

“ನೋಡ್ತೀನಿ, ಕೊಡಿ.”

ಕೌನ್ಸೆಲರ್ ಡಬ್ಬಿ ಎತ್ತಿ ಓದಿದಳು. “ಇನ್ನೂರ ಹನ್ನೆರಡು? ಇದು ಮುದ್ದಿ ನಂಬರಲ್ವಾ?”

ಸಿಡುಕಿಯ ಕಿವಿ ಕೆಂಪಗಾಯಿತು. ತಲೆ ತಗ್ಗಿಸಿ ಅಳುವ ಜಾತಿಯವಳಲ್ಲ ಅವಳು. ಜಗಳಕ್ಕೆ ನಿಂತಳು.

“ಹೌದು, ಬದಲಾಯಿಸ್ಕೊಂಡೆ! ಅವಳಿಗೆ ನಗ್ತಾ ಕೊಡ್ತಾನೆ, ನನಗೆ ಮುಖ ನೋಡ್ದೆ ತಳ್ತಾನೆ. ಒಳ್ಳೇದು ಅವಳಿಗೆ ಕೊಡ್ತಾರೆ ಅಂತ ಅನ್ನಿಸ್ತು. ಹುಟ್ಟಿದಾಗ್ಲಿಂದ ಒಳ್ಳೇದೆಲ್ಲ ಅವಳಿಗೇ ಅಲ್ವಾ? ಒಳ್ಳೇ ಹೆಸರು ಅವಳಿಗೆ, ಒಳ್ಳೇ ರಿಪೋರ್ಟ್ ಅವಳಿಗೆ, ಒಳ್ಳೇ ಮಗು ಅವಳಿಗೆ. ನನಗೂ ಒಂದು ಮಗು ಬೇಡ್ವಾ? ಏನೂ ರೋಗ ಇಲ್ಲದ ಒಂದು ಮಗು?”

ಕೊನೆಯ ಮಾತಿಗೆ ದನಿ ಒಡೆಯಿತು.

“ನನಗೆ ಮೊದಲ್ನೇ ದಿನಾನೇ ಗೊತ್ತಾಯ್ತು ಅಕ್ಕ,” ಎಂದಳು ಮುದ್ದಿ. “ನಂಬರು ಓದೋಕೆ ಬರಲ್ವಾ ನನಗೆ? ಮಾತ್ರೆ ಎರಡೂ ಒಂದೇ ಅಂತ ಸುಮ್ಮನಾದೆ. ಕೇಳಿದ್ರೆ ನೀನು ಮೂರು ತಿಂಗಳು ಮಾತು ಬಿಡ್ತಿದ್ದೆ.”

“ಅಯ್ಯೋ, ಇದಕ್ಕೂ ಒಳ್ಳೆಯವಳೇ ಇವಳು!” ಸಿಡುಕಿ ಹಣೆ ಚಚ್ಚಿಕೊಂಡಳು. “ಒಂದು ಸಲ ಆದ್ರೂ ಕೆಟ್ಟವಳಾಗೇ, ನನಗೆ ಸಮಾಧಾನ ಆಗ್ಲಿ!”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. “ಡಬ್ಬಿ ಬದಲಾಯಿಸೋದು ತಪ್ಪು, ಇನ್ಮೇಲೆ ಖಂಡಿತ ಮಾಡ್ಬೇಡಿ. ಒಂದೊಂದು ಸಲ ಇಬ್ಬರ ಔಷಧಿ ಬೇರೆ ಬೇರೆ ಇರತ್ತೆ, ಜೀವಕ್ಕೇ ಕುತ್ತು ಬರಬಹುದು. ಆದ್ರೆ ಈ ತಪ್ಪಿನಿಂದ ಒಂದು ಮಾತು ಸ್ಪಷ್ಟ ಆಯ್ತು. ನಿಮ್ಮ ಡಬ್ಬಿ ಮಾತ್ರೆ ತಂಗಿ ನುಂಗಿದ್ರು, ಅವರ ರಕ್ತದಲ್ಲಿ ಪೂರ್ತಿ ಇದೆ. ಅವರ ಡಬ್ಬಿ ಮಾತ್ರೆ ನೀವು ನುಂಗಿದ್ರಿ, ಆದ್ರೂ ಕಡಿಮೆ. ಅಂದ್ರೆ ಮಾತ್ರೇಲಿ ದೋಷ ಇಲ್ಲ. ಈಗ ಹೇಳಿ, ಬೆಳಿಗ್ಗೆ ಹೇಗೆ ನುಂಗ್ತೀರಿ? ಮಾಡಿ ತೋರಿಸಿ.”

ಸಿಡುಕಿ ಒಂದೊಂದೇ ಮಾತ್ರೆ ಅಂಗೈಗೆ ಇಟ್ಟುಕೊಂಡಳು. ಎಚ್‌ಐವಿಯದು ಒಂದು, ಕೆಂಪು ಕಬ್ಬಿಣದ್ದು ಒಂದು, ಕ್ಯಾಲ್ಸಿಯಂ ಒಂದು, ದಪ್ಪ ಬಿಳಿಯದು ಮೂರು. ಮುಷ್ಟಿ ಕಟ್ಟಿ ಬಾಯಿಯ ಹತ್ತಿರ ತಂದು ತೋರಿಸಿದಳು. “ಹೀಗೆ. ಒಂದೇ ಸಲ.”

“ಖಾಲಿ ಹೊಟ್ಟೇಲಾ?”

“ಐದು ಗಂಟೆಗೆ ಯಾರು ಅಡುಗೆ ಮಾಡಿಡ್ತಾರೆ ನನಗೆ?”

ಡಾಕ್ಟರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. “ಸಿಕ್ಕಿತು. ಈ ಕ್ಯಾಲ್ಸಿಯಂ, ಈ ಕಬ್ಬಿಣ ಎರಡೂ ಹೊಟ್ಟೆಯೊಳಗೆ ನಿಮ್ಮ ಎಚ್‌ಐವಿ ಮಾತ್ರೇನ ತಬ್ಬಿ ಹಿಡ್ಕೊಂಡ್ಬಿಡತ್ತೆ. ರಕ್ತಕ್ಕೆ ಹೋಗೋಕೇ ಬಿಡಲ್ಲ. ನೀವು ಒಂದು ದಿನಾನೂ ಬಿಟ್ಟಿಲ್ಲ, ನಿಜ. ಆದ್ರೆ ನುಂಗಿದ್ದರಲ್ಲಿ ಮುಕ್ಕಾಲು ಪಾಲು ಮೈಗೇ ಸೇರಿಲ್ಲ.”

“ಮುದ್ದೀನೂ ಬಸುರಿಯಾಗಿದ್ದಾಗ ಇವನ್ನೇ ನುಂಗಿದ್ಲಲ್ಲ?” ಚಿಕ್ಕಮ್ಮ ಕೇಳಿದಳು. ಈ ಸಲ ದನಿ ಮೆತ್ತಗಿತ್ತು.

“ನಾನು ಮಧ್ಯಾಹ್ನ ಅಂಗಡೀಲಿ ಊಟದ ಜೊತೆ ನುಂಗ್ತಿದ್ದೆ ಚಿಕ್ಕಮ್ಮ,” ಎಂದಳು ಮುದ್ದಿ. “ನಿಯಮ ಗೊತ್ತಿದ್ದು ಮಾಡಿದ್ದಲ್ಲ. ಬೆಳಿಗ್ಗೆ ತಗೊಂಡ್ರೆ ವಾಂತಿ ಬರ್ತಿತ್ತು, ಅಷ್ಟೇ.”

ಸಿಡುಕಿ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಹಾಗಾದರೆ ಇದು ಜಾಣತನವಲ್ಲ, ವಾಂತಿ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ತಂಗಿಯ ಮೇಲೆ ಅಕ್ಕರೆ ಉಕ್ಕಿತು.

ಕೌನ್ಸೆಲರ್ ಎದ್ದು ಬಂದು ಸಿಡುಕಿಯ ಪಕ್ಕ ನಿಂತಳು. “ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ. ಏನೇನು ನುಂಗ್ತೀಯ ಅಂತ ನಾನು ಮೊದಲೇ ಕೇಳಬೇಕಿತ್ತು. ತಪ್ಪಾಯ್ತಮ್ಮ.”

“ಚಿಕ್ಕಮ್ಮನ ಕೈಲೂ ಇದನ್ನ ಹೇಳಿಸಿ ಮೇಡಂ, ಪುಣ್ಯ ಬರತ್ತೆ,” ಎಂದಳು ಸಿಡುಕಿ.

ಚಿಕ್ಕಮ್ಮ ಹೇಳಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ದಪ್ಪ ಬಿಳಿ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ತನ್ನ ಸೆರಗಿಗೆ ಗಂಟು ಹಾಕಿಕೊಂಡಳು, ಇನ್ನು ಇದು ನನ್ನ ಹತ್ತಿರ ಇರಲಿ ಎಂಬ ಹಾಗೆ.

ಡಾಕ್ಟರು ಚೀಟಿ ಬರೆದರು. ಬೆಳಿಗ್ಗೆ ಐದಕ್ಕೆ ಎಚ್‌ಐವಿ ಮಾತ್ರೆ, ಅದೊಂದೇ. ಮಧ್ಯಾಹ್ನ ಕಾರ್ಖಾನೆಯಿಂದ ಬಂದು ಊಟ ಮಾಡುವಾಗ ಕಬ್ಬಿಣ. ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ‘ಶಕ್ತಿ’ ಮಾತ್ರೆ ಬೇಡವೇ ಬೇಡ. ಗೇಟಿನಲ್ಲಿ ಯಾರಿಗೂ ಏನೂ ತೋರಿಸಬೇಕಿಲ್ಲ. ಎರಡು ಮಾತನ್ನು ಕೆಳಗೆ ಗೆರೆ ಎಳೆದು ಬರೆದರು: ಎಚ್‌ಐವಿ ಮಾತ್ರೆ ನುಂಗಿ ಕನಿಷ್ಠ ಎರಡು ಗಂಟೆ ಕಳೆಯುವವರೆಗೆ ಕಬ್ಬಿಣ, ಕ್ಯಾಲ್ಸಿಯಂ ಬೇಡ. ಅವನ್ನು ಮೊದಲು ನುಂಗಿದ್ದರೆ ಆರು ಗಂಟೆ ಬಿಟ್ಟು ಎಚ್‌ಐವಿ ಮಾತ್ರೆ.

“ಇನ್ನೂ ತಡ ಆಗಿದ್ರೆ ವೈರಸ್ಸು ಈ ಮಾತ್ರೆಗೆ ಬಗ್ಗದೇ ಇರೋದನ್ನ ಕಲ್ತುಬಿಡ್ತಿತ್ತು,” ಎಂದರು ಡಾಕ್ಟರು. “ಇನ್ನೂ ಸಮಯ ಇದೆ.”

ಮೂರು ವಾರಕ್ಕೆ ಮತ್ತೆ ಪ್ಲಾಸ್ಮಾ ಅಳೆದರು. ಮಾತ್ರೆ ತಂಗಿಯದಷ್ಟೇ ಇತ್ತು. ‘ಅಷ್ಟೇನಾ? ಜಾಸ್ತಿ ಇಲ್ವಾ?’ ಎಂದು ಕೇಳದೆ ಇರಲು ಸಿಡುಕಿಗೆ ಆಗಲಿಲ್ಲ. ಒಂಬತ್ತನೇ ತಿಂಗಳಿಗೆ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕೆಳಗಿಳಿಯಿತು. ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಮಗುವಿಗೆ ಕೊಡಬೇಕಾದ ಔಷಧಿ ಕೊಟ್ಟರು, ಆರನೇ ವಾರಕ್ಕೆ ಪರೀಕ್ಷೆ ಮಾಡಿದರು. ಎಚ್‌ಐವಿ ಇಲ್ಲ ಎಂದು ಬಂತು. ಮುಂದಿನ ಪರೀಕ್ಷೆಗಳ ತಾರೀಖನ್ನು ಮುದ್ದಿಯೇ ಗೋಡೆಗೆ ಬರೆದು ಅಂಟಿಸಿದಳು.

ಚಿಕ್ಕಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, “ಮುದ್ದಿ ಮಗು ಈ ವಯಸ್ಸಿಗೆ ನಗ್ತಿತ್ತು...” ಎಂದು ಶುರುಮಾಡಿದಳು.

“ಚಿಕ್ಕಮ್ಮ!” ಎಂದರು ಅಕ್ಕತಂಗಿಯರು ಒಟ್ಟಿಗೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ನಾನು ನಯವಾಗಿ ಹೇಳುವವಳಲ್ಲ. ಎಚ್‌ಐವಿ ಮಾತ್ರೆ ತಗೊಳ್ಳುತ್ತಿದ್ದೀರಾ? ಹಾಗಾದರೆ ಮುಂದಿನ ಸಲ ಕೇಂದ್ರಕ್ಕೆ ಹೋಗುವಾಗ ನೀವು ನುಂಗುವ, ಕುಡಿಯುವ, ನೆಕ್ಕುವ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ. ಕಬ್ಬಿಣ, ಕ್ಯಾಲ್ಸಿಯಂ, ಎದೆಯುರಿಯ ಔಷಧಿ, ಟಿಬಿ ಮಾತ್ರೆ, ಶಕ್ತಿಯ ಪುಡಿ, ಯಾರೋ ಕೊಟ್ಟ ನಾರುಬೇರು, ಒಂದನ್ನೂ ಮುಚ್ಚಿಡಬೇಡಿ. ಹೇಗೆ ನುಂಗುತ್ತೀರಿ ಎಂದು ಮಾಡಿ ತೋರಿಸಿ. ಅವರು ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ. ಎಲ್ಲ ಮಾತ್ರೆಗೂ ಒಂದೇ ನಿಯಮವಲ್ಲ. ಆದ್ದರಿಂದ ಈ ಕಥೆ ಓದಿ ನೀವೇ ಸಮಯ ಬದಲಿಸಬೇಡಿ, ಯಾವುದನ್ನೂ ನಿಲ್ಲಿಸಬೇಡಿ. ನಿಮ್ಮ ಡಾಕ್ಟರನ್ನು ಕೇಳಿ. ಬಸುರಿಯರಿಗೆ ಕಬ್ಬಿಣವೂ ಬೇಕು, ಕ್ಯಾಲ್ಸಿಯಮ್ಮೂ ಬೇಕು. ಅವುಗಳ ಹೊತ್ತು ಮಾತ್ರ ಬೇರೆ.

ಮಾತ್ರೆ ತಪ್ಪಿಸದೇ ನುಂಗಿಯೂ ವೈರಸ್ಸು ಏರಿದರೆ ಅವಮಾನವಾಯಿತೆಂದು ಮನೆಯಲ್ಲಿ ಕೂರಬೇಡಿ. ‘ನನ್ನ ರಕ್ತದಲ್ಲಿ ಔಷಧಿ ಎಷ್ಟಿದೆ, ನೋಡೋಕೆ ಆಗತ್ತಾ?’ ಎಂದು ಕೇಳಿ. ಈ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲ ಕಡೆ ಇರುವುದೂ ಇಲ್ಲ. ಆದರೆ ಕೇಳುವ ಹಕ್ಕು ನಿಮಗಿದೆ.

ಮತ್ತೆ, ಪಕ್ಕದವರ ಕೆನ್ನೆ ನೋಡಿ ಅವರ ಡಬ್ಬಿಗೆ ಕೈ ಹಾಕಬೇಡಿ. ಅಸೂಯೆ ಪಡಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಯಾರು ಕೇಳುತ್ತಾರೆ? ಪಡುವಷ್ಟು ಪಡಿ. ಆದರೆ ನಿಮ್ಮ ಮಾತ್ರೆಯನ್ನು ನಿಮ್ಮ ಹೊತ್ತಿಗೆ, ಸರಿಯಾದ ರೀತಿಯಲ್ಲಿ ನುಂಗಿ, ಚೆನ್ನಾಗಿ ಬದುಕಿ.